ಗಾರ್ಡಣ್ಣನ ಹಿಂಗಾಲು

ಎಲ್ಲ ರಂಪಕ್ಕೂ ಕಾರಣ ಗಾರ್ಡಣ್ಣನ ಕಾಲು. ಅಲೆ ಬರುತ್ತಿತ್ತು, ಅವನು ಸರ್ಫಿಂಗ್ ಬೋರ್ಡಿನ ಮೇಲೆ ಏಳುತ್ತಿದ್ದ, ಎದೆಯುಬ್ಬಿಸಿ ದಡದ ಕಡೆ ನೋಡುತ್ತಿದ್ದ. ಅಷ್ಟರಲ್ಲಿ ಹಿಂದೆ ಊರಿದ್ದ ಕಾಲು ಯಾರನ್ನೂ ಕೇಳದೆ ಜಾರಿ ಸಮುದ್ರಕ್ಕೆ ಇಳಿದುಬಿಡುತ್ತಿತ್ತು. ಅದರ ಹಿಂದೆಯೇ ಗಾರ್ಡಣ್ಣನೂ ಇಳಿಯದೆ ಗತ್ಯಂತರವಿರಲಿಲ್ಲ.

ಕಸುಬಿನಿಂದ ಅವನು ಮೊಬೈಲ್ ಅಂಗಡಿಯವನು. ಫೋನಿಗೆ ಸ್ಕ್ರೀನ್‌ಗಾರ್ಡ್ ಅಂಟಿಸುವುದರಲ್ಲಿ ಆ ಬೀದಿಗೇ ಎತ್ತಿದ ಕೈ, ಹಾಗಾಗಿ ಆ ಹೆಸರು. ಒಂದು ಗುಳ್ಳೆಯೂ ಏಳದ ಹಾಗೆ ಅಂಟಿಸಿ, ಒರೆಸಿ, ಗಿರಾಕಿ ಆಕಳಿಸಿ ಮುಗಿಸುವಷ್ಟರಲ್ಲಿ ಫೋನು ವಾಪಸು ಕೊಡುತ್ತಿದ್ದ. ನಡುವಯಸ್ಸಿನಲ್ಲಿ ಹತ್ತಿದ ಈ ಅಲೆಯ ಹುಚ್ಚಿನಿಂದ ಬೀದಿಯಲ್ಲಿ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಹೆಂಡತಿಗೆ. ಬೋರ್ಡು ಅವರ ಪುಟ್ಟ ಹಾಲ್‌ನಲ್ಲಿ ಮೂಲೆಯಿಂದ ಮೂಲೆಗೆ ಮಲಗಿತ್ತು. ಟೀವಿ ಹಾಕಬೇಕಾದರೂ ಅದನ್ನು ದಾಟಬೇಕು, ಬಾಗಿಲು ತೆಗೆಯಬೇಕಾದರೂ ದಾಟಬೇಕು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಅದಕ್ಕೆ ಎಡವಿ, ಲೋಟದಲ್ಲಿದ್ದ ಕಾಫಿಯನ್ನೆಲ್ಲ ಸೋಫಾಕ್ಕೆ ಕುಡಿಸಿದಳು.

"ನೋಡಿ, ನಾನು ಜಗಳ ಆಡಲ್ಲ," ಅಂದಳು. ಜಗಳ ಶುರುವಾಗುವುದು ಯಾವಾಗಲೂ ಹಾಗೆಯೇ. "ಇವತ್ತು ಸಂಜೆ ನಾನೂ ಬರ್ತೀನಿ. ಈ ಬೋರ್ಡಿನ ಮೇಲೆ ನಿಂತ್ಕೊಂಡು ನೀವು ದಡಕ್ಕೆ ಬಂದ್ರೆ, ಇದು ಈ ಮನೇಲೇ ಇರುತ್ತೆ. ನಾನು ಚಕಾರ ಎತ್ತಲ್ಲ. ಇಲ್ಲಾಂದ್ರೆ ಇವತ್ತೇ ಮನೆ ಖಾಲಿ ಮಾಡ್ಬೇಕು."

"ನಾನಾ?"

"ಬೋರ್ಡು. ನಿಮ್ಮ ವಿಷಯ ಆಮೇಲೆ ನೋಡೋಣ."

ಗಾರ್ಡಣ್ಣ ಒಪ್ಪಿದ. ಆದರೆ ಒಳಗೊಳಗೇ ಕಸಿವಿಸಿಯಾಯಿತು, ಯಾಕೆಂದರೆ ಆ ಬೋರ್ಡೆಂದರೆ ಅವನಿಗೆ ಪ್ರಾಣ. ಇಡೀ ದಿನ ಅಂಗೈಯಗಲದ ಗಾಜಿನ ಮೇಲೆ ಬಗ್ಗಿ ಕೂರುವವನಿಗೆ ತಲೆಯೆತ್ತಿ ನಿಲ್ಲಬಹುದಾದ ಜಾಗ ಅಂತ ಇದ್ದದ್ದು ಅದೊಂದೇ. ಅಲ್ಲೂ ಇನ್ನೂ ನಿಂತಿರಲಿಲ್ಲ ಅನ್ನುವುದು ಬೇರೆ ಮಾತು. ಇವತ್ತು ನಿಂತೇ ತೀರುತ್ತೇನೆಂದು ಹಲ್ಲು ಕಚ್ಚಿ, ಬೋರ್ಡನ್ನು ಒರೆಸಲು ವರಾಂಡಕ್ಕೆ ತಂದ.

ಎಡವಟ್ಟಾದದ್ದೇ ಅಲ್ಲಿ. ಬಾಗಿಲು ತೆರೆದಿದ್ದರಿಂದ ಹೆಂಡತಿಯ ಷರತ್ತು ಆಗಲೇ ಕಟ್ಟಡಕ್ಕೆಲ್ಲ ಕೇಳಿಸಿತ್ತು. ಮೊದಲು ಇಳಿದು ಬಂದವರು ಮೇಲಿನ ಮನೆಯ ನಿವೃತ್ತ ಹಡಗಿನ ಇಂಜಿನಿಯರು.

"ಕಾಲು ಜಾರುತ್ತಂತಲ್ಲಪ್ಪಾ? ಹಿಡಿತಕ್ಕೆ ಮೇಣ ಉಜ್ಜಬೇಕು," ಎಂದವರೇ, ಗಾರ್ಡಣ್ಣನ ಚೀಲದಿಂದ ಮೇಣದ ಗಟ್ಟಿ ತೆಗೆದು ಬೋರ್ಡಿನ ತಲೆಯಿಂದ ಬಾಲದವರೆಗೆ ಉಜ್ಜತೊಡಗಿದರು.

"ಕಾಲಿಡೋ ಕಡೆ ಮಾತ್ರ ಸಾಕು ಸಾರ್."

"ಕಾಲು ಎಲ್ಲಿಗೆ ಹೋಗುತ್ತೆ ಅಂತ ನಿನಗೆ ಗೊತ್ತಿದ್ರೆ ನೀನ್ಯಾಕಪ್ಪಾ ಬೀಳ್ತಿದ್ದೆ?"

ಅಷ್ಟರಲ್ಲಿ ಪಕ್ಕದ ಮನೆಯ ಚಪ್ಪಲಿ ಅಂಗಡಿ ಅಕ್ಕ ಬಂದು, ಮೇಣವನ್ನು ಬೆರಳಲ್ಲಿ ಮುಟ್ಟಿ ಮೂಗು ಮುರಿದಳು.

"ಇದು ಬಿಸಿಲಿಗೆ ಕರಗಿ ಹೋಗುತ್ತೆ ಕಣೋ. ಹಿಡಿತ ಬೇಕಂದ್ರೆ ಪ್ಯಾಡು ಹಾಕ್ಸು. ಮೂವತ್ತು ವರ್ಷ ಚಪ್ಪಲಿ ಅಟ್ಟೆ ನೋಡಿದವಳು ಹೇಳ್ತಿದೀನಿ, ನಡಿ," ಎಂದು ಅವನನ್ನು ಸಮುದ್ರದ ಆಟಗಳ ಸಾಮಾನು ಮಾರುವ ಅಂಗಡಿಗೆ ದರದರ ಎಳೆದುಕೊಂಡು ಹೋದಳು.

ಅಲ್ಲಿ ಹಿಂಗಾಲಿನ ಕೆಳಗೆ ಅಂಟಿಸುವ ಪ್ಯಾಡುಗಳು ಬಗೆಬಗೆಯವು ತೂಗಾಡುತ್ತಿದ್ದವು. ಸಪಾಟಾದವು, ನಡುವೆ ಉಬ್ಬಿದವು, ಹಿಂದೆ ಏರಿ ನಿಂತವು. ಅಕ್ಕ ನೆಲಕ್ಕೆ ಕೂತು ಒಂದೊಂದನ್ನೂ ಅವನ ಪಾದದಡಿ ತುರುಕಿ, ಅಭ್ಯಾಸ ಬಲದಿಂದ "ಹೆಬ್ಬೆರಳು ಒತ್ತುತ್ತಾ? ನಾಲ್ಕು ಹೆಜ್ಜೆ ನಡೆದು ನೋಡು," ಅಂದಳು. ಗಾರ್ಡಣ್ಣ ಪ್ಯಾಡಿನ ಮೇಲೆ ನಿಂತು ಎಲ್ಲಿಗೆ ನಡೆಯುವುದೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ. ಕೊನೆಗೆ, ಹಿಮ್ಮಡಿ ಜಾರಿದರೂ ತಡೆಯುವಂತೆ ಹಿಂಬದಿ ಎತ್ತರವಿದ್ದ ಪ್ಯಾಡು ಆಯ್ಕೆಯಾಯಿತು.

"ಅಂಟಿಸಿದ ಮೇಲೆ ಸಾರ್..." ಎಂದು ಅಂಗಡಿಯವನು ಏನೋ ಹೇಳಹೊರಟ.

"ಅಂಟಿಸೋದನ್ನ ನನಗೇ ಹೇಳ್ಕೊಡ್ತೀಯೇನಯ್ಯ? ನಾನು ಯಾರು ಅಂತ ಬೀದೀಲಿ ಕೇಳು," ಎಂದು ಗಾರ್ಡಣ್ಣ ಹೊರಟೇಬಿಟ್ಟ.

ಮೇಣದ ಮೇಲೆ ಪ್ಯಾಡು ಕೂರುವುದಿಲ್ಲ. ಬಾಲದ ಕಡೆಯ ಮೇಣವನ್ನೆಲ್ಲ ಹೆರೆಯಬೇಕಾಯಿತು. ತಮ್ಮ ಮೈಯನ್ನೇ ಹೆರೆಯುತ್ತಿದ್ದಾರೇನೋ ಎಂಬಂತೆ ಮುಖ ಹಿಂಡಿಕೊಂಡು ನಿಂತಿದ್ದ ಇಂಜಿನಿಯರು ತಕರಾರು ತೆಗೆದರು. "ಹಿಂಗಾಲು ಯಾವುದು ಅಂತ ತೀರ್ಮಾನ ಆಗ್ದೆ ಅಂಟಿಸೋದು ಹೇಗೆ? ಇಷ್ಟು ದಿನ ನೀನು ನಿಂತಿದ್ದೇ ತಿರುಗಾಮುರುಗಾ ಇರಬಹುದು. ಹಿಂದಿನಿಂದ ತಳ್ಳಿದಾಗ ಮುಂದೆ ಹೋಗೋದು ಮುಂಗಾಲು, ಉಳಿದಿದ್ದು ಹಿಂಗಾಲು," ಎನ್ನುತ್ತಲೇ ತಳ್ಳಿದರು. ಎಡಗಾಲು ಮುಂದೆ ಹೋಯಿತು. ಹೇಳಿ ತಳ್ಳಿದರೆ ಲೆಕ್ಕಕ್ಕಿಲ್ಲವೆಂದು ಅಕ್ಕ ಹೇಳದೆ ತಳ್ಳಿದಳು. ಬಲಗಾಲು ಹೋಯಿತು. ಸಂಶಯ ಪರಿಹಾರಕ್ಕೆ ಇಬ್ಬರೂ ಸೇರಿ ತಳ್ಳಿದಾಗ ಎರಡು ಕಾಲೂ ಒಟ್ಟಿಗೆ ಮೇಲೆದ್ದು, ಗಾರ್ಡಣ್ಣ ಮೆಟ್ಟಿಲ ಮೇಲೆ ಕುಕ್ಕರುಬಡಿದ.

"ಯಾವ ಕಾಲು ಹಿಂದಾದ್ರೂ ಬಂದು ಕೂರೋದು ಬಾಲದ ನಡುಮಧ್ಯಕ್ಕೆ ತಾನೆ, ಪ್ಯಾಡು ಅಲ್ಲೇ ಅಂಟಿಸಿ," ಅಂದಳು ಹೆಂಡತಿ ಒಳಗಿನಿಂದ.

ಸೊಂಟ ಉಜ್ಜಿಕೊಳ್ಳುತ್ತಲೇ ಗಾರ್ಡಣ್ಣ ಕೆಲಸಕ್ಕೆ ಕೂತ. ಪರದೆ ಒರೆಸುವ ದ್ರಾವಣದಿಂದ ಬೋರ್ಡನ್ನು ತಿಕ್ಕಿ, ಉಸಿರು ಬಿಗಿಹಿಡಿದು, ಅಂಚಿನಿಂದ ಅಂಚಿಗೆ ಪ್ಯಾಡು ಒತ್ತಿದ. ಒಂದು ಗುಳ್ಳೆ ಏಳಲಿಲ್ಲ. ಇಂಜಿನಿಯರು ಕೂಡ ತಲೆದೂಗಿದರು. ತನ್ನ ಅಂಗಡಿಯ ಪದ್ಧತಿಯಂತೆ ಅಂಟಿಸಿದ್ದು ಮುಗಿಯಿತು, ಇನ್ನು ಬಳಸುವುದೊಂದೇ ಬಾಕಿ ಎಂದುಕೊಂಡು ಅವನು ಬೋರ್ಡು ಹೆಗಲಿಗೇರಿಸಿ ಹೊರಟ. ಹಿಂದೆ ಹೆಂಡತಿ, ಅವಳ ಹಿಂದೆ ಇಂಜಿನಿಯರು, ಅಕ್ಕ.

ದಡದಲ್ಲಿ ಸರ್ಫಿಂಗ್ ಕಲಿಸುವ ಕೋಚು ಪ್ಯಾಡಿನ ಮೂಲೆಯನ್ನು ಉಗುರಲ್ಲಿ ಎತ್ತಿ ನೋಡಿದ. "ಯಾವಾಗ ಅಂಟಿಸಿದ್ರಿ?"

"ಈಗ ತಾನೆ. ಬಿಸಿ ಬಿಸಿ."

"ಅಂಟು ಒಂದಿಡೀ ದಿನ ಒಣಗಬೇಕು. ಈಗ ನೀರಿಗಿಳಿದ್ರೆ ಪ್ಯಾಡು ಒಂದು ಕಡೆ, ನೀವು ಒಂದು ಕಡೆ."

ಜೀವಮಾನದಲ್ಲಿ ಗಾರ್ಡಣ್ಣ ಅಂಟಿಸಿದ್ದು ಯಾವುದೂ ಒಣಗಲು ಕಾದಿರಲಿಲ್ಲ. ಹೆಂಡತಿ ಮರಳಿನ ಮೇಲೆ ಟವೆಲ್ ಹಾಸಿ ಕೂತಾಗಿತ್ತು, ಹೊತ್ತು ಇಳಿಯುತ್ತಿತ್ತು. ಏನೇ ಆಗಲಿ, ಇವತ್ತು ನಿಲ್ಲದೆ ಮನೆಗೆ ಹೋಗುವುದಿಲ್ಲವೆಂದು ಅವನು ಹಟ ಹಿಡಿದ. ಕನಿಕರಪಟ್ಟು ಕೋಚು ತನ್ನ ಷೆಡ್ಡಿನಿಂದ ಹೊಸಬರಿಗೆ ಕೊಡುವ ಉದ್ದನೆಯ ಫೋಮ್ ಬೋರ್ಡು ತಂದುಕೊಟ್ಟ.

"ಇದರ ಮೈಯೇ ತರಿತರಿ. ಮೇಣಾನೂ ಬೇಡ, ಪ್ಯಾಡೂ ಬೇಡ. ಹೋಗಿ ನಿಂತ್ಕೊಳ್ಳಿ."

ಮೊದಲ ಅಲೆಗೆ ಬಿದ್ದ. ಎರಡನೆಯದಕ್ಕೆ ಬಿದ್ದು ಉಪ್ಪುನೀರು ಕುಡಿದ. ಮೂರನೆಯದು ಬಂದಾಗ ಎದ್ದ. ಕಾಲು ಇಟ್ಟಲ್ಲೇ ಇತ್ತು. ಅಲೆ ಅವನನ್ನು ಹೊತ್ತು ತಂದಿತು, ಅವನು ಬಗ್ಗಲಿಲ್ಲ, ಮರಳು ತಾಗುವವರೆಗೂ ನಿಂತೇ ಬಂದ. ಜನರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಗಾರ್ಡಣ್ಣ ಫೋಮ್ ಬೋರ್ಡನ್ನು ಎಳೆದುಕೊಂಡೇ ಅವಳ ಬಳಿ ಓಡಿ ಬಂದ.

"ನೋಡಿದ್ಯಾ? ಇನ್ನು ಬೋರ್ಡು ಮನೇಲೇ ಇರುತ್ತೆ ತಾನೆ?"

"ಯಾವ ಬೋರ್ಡು?" ಅಂದಳು ಅವಳು, ಅವನ ತಲೆ ಒರೆಸುತ್ತಾ. "ಅದರ ಮೇಲೆ ನಿಂತ್ರೆ ಅಂತ ಹೇಳಿದ್ದೆ. ನೀವು ನಿಂತಿದ್ದು ಇದರ ಮೇಲೆ. ನಾನೂ ನಿಮ್ಮ ಕಾಲನ್ನೇ ಬೈತಿದ್ದೆ ನೋಡಿ, ಪಾಪ. ಕಾಲು ಚೆನ್ನಾಗೇ ಇದೆ. ಸರಿ ಇಲ್ದಿದ್ದದ್ದು ಬೋರ್ಡು. ಹೋಗಲಿ ಅದು."

"ಹಾಗಾದ್ರೆ ಇದನ್ನ..." ಎಂದು ಗಾರ್ಡಣ್ಣ ಫೋಮ್ ಬೋರ್ಡನ್ನು ತಬ್ಬಿಕೊಂಡ.

"ಅದು ಕೊಡೋದಲ್ಲ ಸಾರ್, ಕ್ಲಾಸಿಂದು," ಎಂದು ಕೋಚು ಮೆಲ್ಲಗೆ ಬಿಡಿಸಿಕೊಂಡ.

ಗಾರ್ಡಣ್ಣ ಸಾಕ್ಷಿಗಳ ಕಡೆ ತಿರುಗಿದ. ಷರತ್ತನ್ನು ಇಬ್ಬರೂ ಕಿವಿಯಾರೆ ಕೇಳಿದ್ದರು, ಹೆಂಡತಿಯ ಮಾತಿನಲ್ಲಿ ತಪ್ಪಿಲ್ಲವೆಂದು ಇಬ್ಬರೂ ಒಪ್ಪಿದರು. ಅಷ್ಟೇ ಅಲ್ಲ, ಬೋರ್ಡಿನ ಮುಂದಿನ ತುದಿಯನ್ನು ಇಂಜಿನಿಯರೂ ಹಿಂದಿನ ತುದಿಯನ್ನು ಅಕ್ಕನೂ ಆಗಲೇ ಎತ್ತಿಕೊಂಡಿದ್ದರು.

"ಮನೇಲಿ ಜಾಗ ಇಲ್ಲ ಅಂದ್ರೆ ನಮ್ಮಲ್ಲಿದೆ ಬಿಡಪ್ಪಾ," ಎಂದರು ಇಂಜಿನಿಯರು ಸಮಾಧಾನದ ದನಿಯಲ್ಲಿ. "ನಾಳೆ ಹೊತ್ತಿಗೆ ಅಂಟು ಒಣಗಿರುತ್ತೆ, ನಾಡಿದ್ದಿಂದ ನಾವಿಬ್ರೂ ಕಲಿಯೋಕೆ ಬರ್ತೀವಿ. ಬೀಳ್ತೀವಿ ಅನ್ನೋ ಯೋಚನೆ ನಮಗಿಲ್ಲ, ಅಂಟಿಸಿದ್ದು ನೀನಲ್ವಾ."