ಹಸಿ ಬಣ್ಣದ ನಲವತ್ತೇಳು

ಟೈಲರಮ್ಮ ಹೊರಗೋಡೆಗೆ ಅಂಟಿದ್ದ ಕಾಗೆಯ ಹಿಕ್ಕೆಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಾಗ ತಟ್ಟೆಯಗಲದ ಸುಣ್ಣದ ಹಕ್ಕಳೆಯೊಂದು ಎದ್ದು ಬಂದು ಬಕೆಟ್ಟಿಗೆ ಬಿತ್ತು. ಅದರ ಜೊತೆಗೇ ನಲವತ್ತೇಳೂ ಹೋಯಿತು.

ಒಂಬತ್ತು ವರ್ಷದ ಹಿಂದೆ ರೈಲಿನವರು ಕೆಂಪು ಬಣ್ಣದಲ್ಲಿ ಬರೆದುಹೋಗಿದ್ದ ಅಂಕಿ ಅದು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲು ಈ ಬೀದಿಯಲ್ಲೇ ಹಾಯುತ್ತದೆ, ಮನೆಗಳನ್ನು ಕೆಡವಿ ಬದಲಿ ಮನೆ ಕೊಡುತ್ತೇವೆ ಎಂದಿದ್ದರು. ಅಂದಿನಿಂದ ಆ ರೈಲು ಬಸವನಹುಳುವೂ ನಾಚುವಂತೆ ಬರುತ್ತಲೇ ಇತ್ತು.

ಟೈಲರಮ್ಮನಿಗೆ ಬೇಕಾಗಿದ್ದುದು ಒಂದು ಕಿಟಕಿ. ಹೊಲಿಗೆ ಯಂತ್ರದ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೂ ದೀಪ ಹಾಕಿಯೇ ಸೂಜಿಗೆ ದಾರ ಪೋಣಿಸಬೇಕಿತ್ತು. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಕಿಟಕಿಯ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟಿದ್ದಳು. ಕೇಳಿದಾಗಲೆಲ್ಲ ಗಂಡನದು ಒಂದೇ ಮಾತು: “ಕೆಡವೋ ಮನೆಗೆ ಯಾರಾದ್ರೂ ಕಿಟಕಿ ಇಡಿಸ್ತಾರೇನೇ? ರೈಲು ಬರಲಿ ತಡಿ.”

“ಅಯ್ಯಯ್ಯೋ, ನಂಬರ್ ತೊಳೆದುಬಿಟ್ಯಲ್ಲೇ!” ಎದುರುಮನೆಯ ವಾರ್ತೆ ಅಕ್ಕ ಚೀರಿದಳು. ಬೀದಿಯ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೇ ಬರುತ್ತಿದ್ದುದರಿಂದ ಆ ಹೆಸರು. “ಮೂಲೇಲಿ ರೈಲಿನವರ ಜೀಪು ನಿಂತಿದೆ! ನಂಬರ್ ಇಲ್ಲದೋರಿಗೆ ಬದಲಿ ಮನೆ ಕೊಡ್ತಾರಾ?”

ಗಂಡ ಒಂದು ಕೆನ್ನೆಯ ಮೇಲೆ ಶೇವಿಂಗ್ ಸೋಪಿನ ನೊರೆ ಹೊತ್ತೇ ಓಡಿಬಂದ. “ನಿನಗೆ ಇವತ್ತೇ ಶುಚಿತ್ವ ಉಕ್ಕಬೇಕಿತ್ತಾ? ಬರೀ ಬೇಗ! ಎಪ್ಪತ್ತನಾಲ್ಕು!”

“ನಲವತ್ತೇಳು.”

“ಗ್ಯಾರಂಟೀನಾ?”

“ಒಂಬತ್ತು ವರ್ಷ ಅದರ ಮುಖ ನೋಡ್ಕೊಂಡೇ ಅಂಗಳ ಗುಡಿಸಿದೀನ್ರೀ.”

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದರು. ಕೆಲಸ ಬಿಟ್ಟ ಮೇಲೂ ತಮ್ಮ ಗೇಟಿನ ಟಪಾಲು ಡಬ್ಬಕ್ಕೆ ವರ್ಷಕ್ಕೆರಡು ಸಲ ಬಣ್ಣ ಬಳಿಯುವವರು ಅವರು. “ಸರ್ಕಾರಿ ಅಕ್ಷರ ಸ್ವಲ್ಪ ದಪ್ಪ ಇರಬೇಕಮ್ಮ,” ಎಂದರು.

“ನಾಲ್ಕರ ಕಾಲು ಉದ್ದ ಆಯ್ತು,” ಎಂದಳು ವಾರ್ತೆ ಅಕ್ಕ.

ಟೈಲರಮ್ಮ ಉಸಿರು ಬಿಗಿಹಿಡಿದು, ಮದುಮಗಳ ರವಿಕೆಗೆ ಅಂಚು ಹೊಲಿಯುವ ನಾಜೂಕಿನಲ್ಲಿ ಅಂಕಿ ಮುಗಿಸಿದಳು. ಬ್ರಷ್ ಬಚ್ಚಿಡುವಷ್ಟರಲ್ಲಿ ರೈಲಿನ ಸಾಹೇಬರು ಬಂದೇಬಿಟ್ಟರು, ಹಿಂದೆ ಸುಣ್ಣದ ಬಕೆಟ್ ಹಿಡಿದ ಕೂಲಿಯವನು.

“ಸಂತೋಷದ ಸಮಾಚಾರ,” ಎಂದರು ಸಾಹೇಬರು. “ರೈಲು ಈ ಬೀದೀಲಿ ಹೋಗಲ್ಲ. ಹಳೇ ನಂಬರೆಲ್ಲ ಅಳಿಸ್ಕೊಂಡು ಬಾ ಅಂತ ಆರ್ಡರ್ ಆಗಿದೆ.”

ಟೈಲರಮ್ಮನ ಎದೆಯೊಳಗೆ ಕಿಟಕಿಯೊಂದು ತೆರೆದುಕೊಂಡಿತು. ಕೂಲಿಯವನು ಮನೆಯಿಂದ ಮನೆಗೆ ಸುಣ್ಣ ಬಳಿಯುತ್ತ ಅವಳ ಗೋಡೆಗೆ ಬಂದ. ಸಾಹೇಬರು ಅಂಕಿಯ ಮೇಲೆ ಬೆರಳಿಟ್ಟರು. ಬೆರಳು ಕೆಂಪಾಯಿತು.

“ನಿಲ್ಲಿಸೋ! ಇದು ಹೊಸ ಗುರುತು. ಮರುಸರ್ವೆಯವರು ಈಗಷ್ಟೇ ಹಾಕಿದಾರೆ. ಹೊಸದನ್ನ ಮುಟ್ಟೋ ಹಾಗಿಲ್ಲ.”

“ಸಾರ್, ನಾನೇ ಬರೆದಿದ್ದು!”

“ಮನೆ ಉಳಿಸ್ಕೊಳ್ಳೋಕೆ ಎಲ್ಲರೂ ಹೀಗೇ ಹೇಳ್ತಾರಮ್ಮ. ಇಷ್ಟು ಅಚ್ಚುಕಟ್ಟು ನಮ್ಮ ಇಲಾಖೆಯೋರಿಗೆ ಬಿಟ್ಟು ಇನ್ಯಾರಿಗೆ ಬರುತ್ತೆ?”

ಪೋಸ್ಟ್‌ಮಾಸ್ತರರು ಹೆಮ್ಮೆಯಿಂದ ಕೆಮ್ಮಿದರು.

“ಒಂದೇ ಮನೆ ಒಳಗೆ ರೈಲು ಹೇಗೆ ಹೋಗುತ್ತೆ ಸಾರ್?” ಗಂಡ ತೊದಲಿದ.

“ಅದು ಇಂಜಿನಿಯರುಗಳ ತಲೆನೋವು.” ಸಾಹೇಬರು ನಲವತ್ತೇಳನ್ನು ಪುಸ್ತಕದಲ್ಲಿ ಗುರುತಿಸಿಕೊಂಡು ಜೀಪು ಹತ್ತಿದರು.

ಬೀದಿಯೆಲ್ಲ ಬೆಳ್ಳಗೆ ನಗುತ್ತಿತ್ತು. ಅವರ ಗೋಡೆ ಮಾತ್ರ ಅಡಿಕೆ ಜಗಿದ ಬಾಯಿಯಂತೆ ಕೆಂಪಗಿತ್ತು.

“ಸದ್ಯ, ಕಿಟಕಿ ಇಡಿಸಿರಲಿಲ್ಲವಲ್ಲ,” ಗಂಡ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿಕೊಳ್ಳುತ್ತ ಸಮಾಧಾನಪಟ್ಟ. “ರೈಲು ಬರಲಿ ತಡಿ.”

ಟೈಲರಮ್ಮ ಕೋಣೆಗೆ ಹೋಗಿ ಚಾಕ್ ತೆಗೆದು, ಮಾಸಿಹೋಗಿದ್ದ ಗೆರೆಗಳನ್ನು ಮತ್ತೆ ತಿದ್ದಿದಳು. ಗಂಡ ಗುರುವಾರ ಆಫೀಸಿಗೆ ಹೋಗಿ ಬರುವುದರೊಳಗೆ ಗಾರೆಯವನು ಕೆಲಸ ಮುಗಿಸಬಲ್ಲ. ಮೊದಲಿದ್ದ ಅಳತೆಗಿಂತ ಎಲ್ಲ ಕಡೆಯೂ ಒಂದು ಗೇಣು ಹೆಚ್ಚು ಹಿಡಿದು, ಅವಳು ದೀಪ ಆರಿಸಿದಳು.