ಫರಂಗಿ ಮಿಠಾಯಿಗೆ ಮೂರು ಸಲ ಬ್ಯಾಡ

ರೇವಣಪ್ಪನ ಫಜೀತಿಗೆಲ್ಲ ಮೂಲ ಒಂದು ಹೋಳಿಗೆ. ಹೋದ ವರ್ಷ ಸೇಡಂನ ಬೀಗರ ಮನೆಯಲ್ಲಿ "ಇನ್ನೊಂದು ಹಾಕ್ಲೇನ್ರಿ?" ಎಂದಾಗ, ಬಾಯಿ ತಪ್ಪಿ ಮೊದಲ ಸಲಕ್ಕೇ "ಹಾಕ್ರಿ" ಅಂದುಬಿಟ್ಟಿದ್ದ. ಮರ್ಯಾದಸ್ಥರು ಮೂರು ಸಲ ಬೇಡ ಅನ್ನಬೇಕು; ಬಡಿಸುವವರು ಆಣೆ ಹಾಕಿದ ಮೇಲೆ, ನಿಮ್ಮ ಸಲುವಾಗಿ ಎಂಬಂತೆ ತಿನ್ನಬೇಕು. ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತ್ತು. ಹೆಂಡತಿ ಚಂದಮ್ಮ ಆ ನಗೆಯನ್ನು ಇನ್ನೂ ಮರೆತಿರಲಿಲ್ಲ.

ನಿಜಾಮರ ಆಳ್ವಿಕೆ ಹೋಗಿ ನಾಲ್ಕೈದು ವರ್ಷವಾಗಿತ್ತು. ಶಹಾಬಾದಿಗೆ ಬಂದಿದ್ದ ಫ್ರಾನ್ಸ್ ದೇಶದ ಇಂಜಿನಿಯರನ ಹೆಂಡತಿ ಸ್ಟೇಷನ್ ರಸ್ತೆಯಲ್ಲಿ ತಮ್ಮ ದೇಶದ ಕೇಕಿನ ಅಂಗಡಿ ತೆರೆದರು. ಮೊದಲ ದಿನ ಬಂದವರಿಗೆಲ್ಲ ರುಚಿ ಪುಕ್ಕಟೆ.

"ಅಲ್ಲೂ ಬರಗೆಟ್ಟವರಂಗ ಕೈ ಒಡ್ಡಬ್ಯಾಡ್ರಿ ಮತ್ತ! ಮೂರು ಸಲ ಬ್ಯಾಡ ಅನ್ರಿ," ಎಂದಳು ಚಂದಮ್ಮ.

"ಅಷ್ಟೂ ತಿಳೀದಿಲ್ಲೇನು ನನಗ? ಸಂಜಿಗಿ ಬಂದು ಓಣಿಗೆಲ್ಲ ರುಚಿ ಹೆಂಗದ ಅಂತ ಹೇಳ್ತೀನಿ, ನೋಡ್ತಿರು," ಎಂದ ರೇವಣಪ್ಪ, ಹೊಟ್ಟೆಯಲ್ಲಿ ಜಾಗ ಇರಲೆಂದು ಮುಂಜಾನೆಯ ರೊಟ್ಟಿಯನ್ನೂ ಬಿಟ್ಟು ಹೊರಟ. ಪಕ್ಕದ ಮನೆಯ ಮಡಿವಾಳಯ್ಯ ಕರೆಯದಿದ್ದರೂ ಬೆನ್ನು ಹತ್ತಿದ.

ಅಂಗಡಿಯ ತುಂಬ ಬೆಣ್ಣೆ ಕಾಸಿದ ಘಮಲು. ಅಡುಗೆಯ ಆಶಾಬಿ ಬಾಗಿಲಲ್ಲೇ ಧೈರ್ಯ ಹೇಳಿದಳು: "ಈ ಮೂರೂ ತಾಟಿನಾಗ ತತ್ತಿ ಇಲ್ರಿ ಅಣ್ಣಾ. ನಿಮ್ಮಂಥೋರ ಸಲುವಾಗೇ ಬ್ಯಾರೆ ಮಾಡ್ಯಾರ. ಬರೇ ಬೆಣ್ಣಿ, ಸಕ್ರಿ, ಕೆನಿ."

ಮೇಮಸಾಬರಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು, ಬೇಕು ಮತ್ತು ಬ್ಯಾಡ. ಪದರ ಪದರವಾಗಿ ಉಬ್ಬಿದ, ಮೇಲೆ ಸಕ್ಕರೆ ಉದುರಿಸಿದ ತುಂಡನ್ನು ರೇವಣಪ್ಪನ ಮೂಗಿನ ಹತ್ತಿರ ಹಿಡಿದು ಕೇಳಿದರು: "ಬೇಕು?"

"ಬ್ಯಾಡ್ರಿ, ಈಗಷ್ಟೇ ಊಟ ಆಗ್ಯಾದ," ಎಂದ ರೇವಣಪ್ಪ. ಎರಡನೆಯ ಒತ್ತಾಯಕ್ಕೆ ಕಾದ. ಮೇಮಸಾಬರು ನಕ್ಕು ತಾಟನ್ನು ಮಡಿವಾಳಯ್ಯನ ಮುಂದೆ ಹಿಡಿದರು. ಅವನು ಮರ್ಯಾದೆಯನ್ನು ಹೊರಗೆ ಚಪ್ಪಲಿಯ ಜೊತೆಗೇ ಬಿಟ್ಟು ಬಂದಿದ್ದ. ಎರಡೂ ಕೈಯಲ್ಲಿ ಒಂದೊಂದು ಎತ್ತಿಕೊಂಡ.

ಎರಡನೆಯ ತಾಟು ಬಂತು, ಬಾದಾಮಿಯದು. ಈಗಷ್ಟೇ ಊಟ ಆಯಿತು ಎಂದವನು ಈಗ ಬೇಕು ಅನ್ನುವುದು ಹೇಗೆ? "ಬ್ಯಾಡ್ರೀ..." ಎಂದು ರಾಗ ಎಳೆದ. ಅದೂ ಮಡಿವಾಳಯ್ಯನ ಪಾಲಾಯಿತು.

"ಏನ್ ರುಚಿ ಅದನೋ ರೇವಣಪ್ಪ! ಬಾಯಾಗ ಇಟ್ರ ಕರಗಲಿಕತ್ತದ!" ಎಂದ ಮಡಿವಾಳಯ್ಯ, ಮೀಸೆಯ ಮೇಲಿನ ಸಕ್ಕರೆ ನೆಕ್ಕುತ್ತ.

ಮೂರನೆಯದು ಕೆನೆ ತುಂಬಿದ್ದು. ರೇವಣಪ್ಪ ಬಾಯಲ್ಲಿ "ಬ್ಯಾಡ" ಎನ್ನುತ್ತಲೇ ಕೈ ಮುಂದೆ ಚಾಚಿದ. ಮೇಮಸಾಬರು ಆ ಕೈ ಹಿಡಿದು ಪ್ರೀತಿಯಿಂದ ಕುಲುಕಿ ಮುಂದೆ ಹೋದರು.

ಹೊಟ್ಟೆ ಗುಡುಗಿತು. ಆಸೆಯಿಂದ ಅವನಿಗೆ ಅಳುವೇ ಬಂದಂತಾಯಿತು. ನೆಟ್ಟಗೆ ಹಿಂದಿನ ಅಡುಗೆಮನೆಗೆ ಓಡಿದ.

"ಆಶಾಬೀ, ನಿಮ್ಮ ಮೇಮಸಾಬ್ರಿಗೆ ಉಪಚಾರ ಮಾಡೋದ ಗೊತ್ತಿಲ್ಲೇನವಾ? ಮುಂಜಾನಿಂದ ಉಪಾಸ ಅದೀನಿ!"

"ಅಯ್ಯ ಅಲ್ಲಾ! ನಡೀರಿ ಅಣ್ಣಾ, ನಾ ಹೇಳ್ತೀನಿ." ಆಶಾಬಿ ಕೈಸನ್ನೆ, ಬಾಯಿಸನ್ನೆ ಎಲ್ಲ ಮಾಡಿ ಮೇಮಸಾಬರಿಗೆ ತಿಳಿಸಿದಳು: ನಮ್ಮ ಕಡೆಯವರು ಬ್ಯಾಡ ಅಂದರೆ ಬೇಕು ಅಂತ ತಿಳಿಯಬೇಕು. ಮೇಮಸಾಬರು ಹಣೆ ಹಣೆ ಬಡಿದುಕೊಂಡು ನಕ್ಕರು. ಉಳಿದಿದ್ದ ಒಂದೇ ಒಂದು ತುಂಡನ್ನು ತಾಟಿನಲ್ಲಿಟ್ಟುಕೊಂಡು ರೇವಣಪ್ಪನ ಮುಂದೆ ಬಂದು ನಿಂತರು.

"ಬೇಕು?"

ರೇವಣಪ್ಪ ಹೋಳಿಗೆಯನ್ನು ಮರೆತ, ಚಂದಮ್ಮನನ್ನು ಮರೆತ, ಮಾನವನ್ನೂ ಬಿಟ್ಟ. "ಬೇಕ್ರಿ! ಬೇಕೇ ಬೇಕು!" ಎಂದು ನೆರೆದವರೆಲ್ಲ ತಿರುಗಿ ನೋಡುವಂತೆ ಕೂಗಿದ.

ಮೇಮಸಾಬರು ಎಲ್ಲ ಅರ್ಥವಾಯಿತೆಂದು ತಲೆಯಾಡಿಸಿದರು. ಪಾಪ, ಇವರಿಗೆ ಸುತಾರಾಂ ಬೇಡ! ತಾಟು ಮಡಿವಾಳಯ್ಯನ ಕಡೆ ತಿರುಗಿತು.

"ಬ್ಯಾಡ್ರಿ ತಾಯೀ, ಖರೇನೇ ಬ್ಯಾಡ, ಹೊಟ್ಟಿ ಒಡೀತದ!" ಎಂದು ಅವನು ಬೇಡಿಕೊಂಡಷ್ಟೂ ಮೇಮಸಾಬರ ಮುಖ ಅರಳಿತು. ಕೊನೆಯ ತುಂಡನ್ನು ತಮ್ಮ ಕೈಯಾರೆ ಅವನ ಬಾಯಿಗೆ ತುರುಕಿದರು.

ರೇವಣಪ್ಪ ಕಾಲೆಳೆಯುತ್ತ ಮನೆ ಮುಟ್ಟುವಷ್ಟರಲ್ಲಿ ಮಡಿವಾಳಯ್ಯ ಮೊದಲೇ ಬಂದು ಓಣಿಗೆಲ್ಲ ಸುದ್ದಿ ಹಂಚಿಯಾಗಿತ್ತು. ಚಂದಮ್ಮ ಹೊಸ್ತಿಲಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಅಷ್ಟು ಮಂದ್ಯಾಗ ಬೇಕೇ ಬೇಕು ಅಂತ ಒದರಿದ್ರಂತ? ಎಷ್ಟು ತಿಂದ್ರೋ ಏನೋ! ಇವತ್ತು ನಿಮಗ ರೊಟ್ಟಿ ಬಡಿದಿಲ್ಲ, ನೋಡ್ರಿ."