ನಮ್ಮ ಟಾಕೀಸಿಗೆ ಬಂಗಾಳಿ ರಾಕ್ ಬಂದ ಭಾನುವಾರ

ಟಾಕೀಸಿನ ಮ್ಯಾನೇಜರ್ ಆದವನು ನಗಬೇಕೆಂದರೆ ಕಾಮಿಡಿ ಪಿಕ್ಚರ್ ತರಿಸಬೇಕಾಗಿಲ್ಲ. ಪರದೆಯ ಈಚೆಗೇ ಬೇಕಾದಷ್ಟು ನಡೆಯುತ್ತಿರುತ್ತದೆ. ಕನಕಪುರದ ನಮ್ಮ ಟಾಕೀಸಿನಲ್ಲಿ ಒಂದು ಪಿಕ್ಚರಿನಿಂದ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

1. ಪ್ರಚಾರ

ಭಾನುವಾರದ ಬೆಳಗಿನ ಆಟಕ್ಕೆ ನೊಣವೂ ಬರುತ್ತಿರಲಿಲ್ಲ. ಹಾರೋಹಳ್ಳಿಯ ಕಾರ್ಖಾನೆಗಳ ತುಂಬ ಬಂಗಾಳದವರಿದ್ದಾರೆ, ಅವರಿಗೊಂದು ಬಂಗಾಳಿ ಪಿಕ್ಚರ್ ಹಾಕೋಣ ಎಂದು ಯಜಮಾನರಿಗೆ ಹೇಳಿದೆ. ನಾನು ಆರಿಸಿದ್ದು ಐದು ಜನ ರಾಕ್ ಹಾಡುಗಾರರ ಕಥೆ.

“ಹಾಕಪ್ಪ. ಹಾಲ್ ತುಂಬ್ಲಿಲ್ಲ ಅಂದ್ರೆ ಆ ಆಟಾನೂ ಬಂದ್, ನಿನ್ ಮ್ಯಾನೇಜರ್‌ಗಿರೀನೂ ಬಂದ್. ಗೇಟಲ್ಲಿ ನಿಂತ್ಕಂಡು ಟಿಕೆಟ್ ಹರಿ,” ಎಂದರು.

“ತುಂಬ್ತದೆ ಬುಡಿ ಸಾ,” ಎಂದೆ. ‘ನೋಡೋಣ’ ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.

ಪೋಸ್ಟರ್ ಹಿಡಿದು ಹಾರೋಹಳ್ಳಿಗೆ ಹೋದೆ. ಕಾರ್ಖಾನೆ ಗೇಟಿನಲ್ಲಿ ಬಂಗಾಳದ ಕೆಲಸಗಾರನೊಬ್ಬ, “ಸರ್, ನೀವು ನೋಡಿದೆಯಾ?” ಎಂದು ಕೇಳಿದ.

“ಎರಡು ಸಲ!”

ಅವನು ಕೈಮುಗಿದು, “ಕೊನೆ ಮಾತ್ರ ಹೇಳಬೇಡ ಸರ್,” ಎಂದ.

ಹೇಳಲಿಲ್ಲ. ನೋಡೇ ಇರದವನು ಏನಂತ ಹೇಳಲಿ?

2. ಹೀರೋ ಯಾರು?

ಭಾನುವಾರ ಬಂತು, ಹಾರೋಹಳ್ಳಿಯವರು ಬರಲಿಲ್ಲ. ಅರ್ಜೆಂಟ್ ಆರ್ಡರ್ ಅಂತ ರಜೆ ರದ್ದಾಗಿದೆ, ಶಿಫ್ಟ್ ಮುಗಿದ ತಕ್ಷಣ ಬರುತ್ತೇವೆ ಎಂದು ಆ ಕೆಲಸಗಾರ ಫೋನ್ ಮಾಡಿದ. “ಬನ್ನಿ, ಸೀಟು ಹಿಡಿದಿಟ್ಟಿರ್ತೀನಿ,” ಎಂದೆ.

ಇದ್ದವರು ಪೋಸ್ಟರ್ ನೋಡಿ ಬಂದಿದ್ದ, ಬೇರೆ ಆಟಗಳ ಖಾಯಂ ಗಿರಾಕಿಗಳು ನಾಲ್ಕಾರು ಜನ. ಅವರಲ್ಲಿ ಉಯ್ಯಂಬಳ್ಳಿ ಕಡೆಯ ರೈತನೊಬ್ಬ, ಹೀರೋ ಬಂದಾಗ ಎರಚಲು ಟವೆಲಿನ ತುಂಬ ಕಾಗದದ ಚೂರು ಕಟ್ಟಿಕೊಂಡು ಬಂದಿದ್ದ. ಪೋಸ್ಟರಿನಲ್ಲಿ ಐದೂ ಜನ ಕೂದಲು ಬಿಟ್ಟವರೇ.

“ಇವ್ರಲ್ಲಿ ಹೀರೋ ಯಾರ್ ಸಾ?”

“ಮಧ್ಯದಲ್ಲಿ ಗಿಟಾರ್ ಹಿಡಿದವನು,” ಎಂದೆ ಧೈರ್ಯವಾಗಿ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆಚೆ ಬಂದ. “ನೀವ್ ಹೇಳ್ದೋನು ಜಗಳ ಆಡ್ಕಂಡು ಊರೇ ಬುಟ್ಟೋದ. ಅರ್ಧ ಕಾಗ್ದ ದಂಡವಾಯ್ತು. ಈಗ ಯಾರ್ಗೆ ಎರಚ್ಲಿ?”

“ಡ್ರಮ್ ಬಾರಿಸೋನಿಗೆ.”

ಇಂಟರ್ವಲ್‌ನಲ್ಲಿ ಮತ್ತೆ ಬಂದ. ಡ್ರಮ್ಮಿನವನೂ ಕೋಲು ಬಿಸಾಡಿ ಹೊರಟುಹೋಗಿದ್ದನಂತೆ. ನಾನು ಮೂರನೆಯವನನ್ನು ತೋರಿಸಲು ಬೆರಳೆತ್ತಿದೆ. ಆತ ನನ್ನ ಕೈ ಹಿಡಿದುಕೊಂಡ.

“ಬ್ಯಾಡಿ ಸಾ, ಪಾಪ, ಅವ್ನಾದ್ರೂ ಇರ್ಲಿ.”

3. ಒನ್ಸ್ ಮೋರ್

ಕೊನೆಯಲ್ಲಿ ಐವರೂ ಒಂದಾಗಿ ಮೈದಾನದಲ್ಲಿ ಹಾಡುತ್ತಾರೆ. ನಾನು ಗೇಟಿನಲ್ಲಿ ನಿಂತು ರಸ್ತೆ ಕಾಯುತ್ತಿದ್ದೆ. ಹಾಡು ಮುಗಿಯಿತು, “ಒನ್ಸ್ ಮೋರ್!” ಎಂಬ ಕೂಗು ಕೇಳಿತು, ಅದೇ ಹಾಡು ಮತ್ತೆ ಬಂತು. ಮುಗಿಯಿತು, ಮತ್ತೆ ಕೂಗು, ಮತ್ತೆ ಹಾಡು. ಕ್ಯಾಬಿನ್ನಿಗೆ ಓಡಿದೆ.

ನಮ್ಮ ಆಪರೇಟರ್ ಹಳೇ ಕಾಲದವನು. ಜನ ಕೇಳಿದರೆ ಹಾಡನ್ನು ಮತ್ತೆ ಹಾಕುವುದು ಅವನ ಪಾಲಿಗೆ ಧರ್ಮ.

“ಏನಣ್ಣ ಇದು?”

“ಜನ ಬುಡ್ತಾ ಇಲ್ಲ ಕಣಪ್ಪ. ಏನ್ ಕೂಗು ಅಂತೀಯಾ!”

ಕಿಂಡಿಯಲ್ಲಿ ಬಗ್ಗಿ ನೋಡಿದೆ. ಹಾಲಿನಲ್ಲಿದ್ದವರು ಪಿಟ್ಟೆನ್ನದೆ ಕೂತಿದ್ದರು.

“ಅಣ್ಣಾ, ಕೂಗ್ತಿರೋರು ಪಿಕ್ಚರ್ ಒಳಗಿನ ಜನ! ನೀನು ಎಷ್ಟ್ ಸಲ ಹಾಕಿದ್ರೂ ಕೂಗ್ತಾನೇ ಇರ್ತಾರೆ!”

“ಯಾವ ಜನ ಆದ್ರೇನು, ಕೇಳ್ತಾವ್ರಲ್ಲ,” ಎಂದು ಮತ್ತೆ ಗುಂಡಿ ಒತ್ತಿದ.

ಅಷ್ಟರಲ್ಲಿ ಕಾರ್ಖಾನೆಯ ಬಸ್ಸುಗಳು ಬಂದು ನಿಂತವು. ಯೂನಿಫಾರಂನಲ್ಲೇ ಬಂದ ಬಂಗಾಳದವರು ಟಿಕೆಟ್ ಕೊಂಡು ಒಳಗೆ ನುಗ್ಗಿ ಕುಣಿಯತೊಡಗಿದರು. ಹಾಡು ಮುಗಿದಾಗ ಈ ಸಲ ಪರದೆಯ ಎರಡೂ ಕಡೆಯವರು ಕೂಗಿದರು. ಆಪರೇಟರ್ ನನ್ನ ಮುಖ ನೋಡಿದ. “ಹಾಕಣ್ಣ!” ಎಂದೆ. ನನ್ನ ಜೀವ ಉಳಿದಿತ್ತು.

ಕೆಳಗಿಳಿದು ಬಂದರೆ ಬಾಗಿಲಲ್ಲಿ ಯಜಮಾನರು. ಬಸ್ಸುಗಳ ಹಿಂದೆಯೇ ಕಾರಿನಲ್ಲಿ ಬಂದು ಎಲ್ಲವನ್ನೂ ನೋಡಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಹೇಳಿರಲಿಲ್ವಾ ಸಾ, ತುಂಬ್ತದೆ ಅಂತ?” ಎಂದೆ ಎದೆಯುಬ್ಬಿಸಿ.

ಯಜಮಾನರು ನನ್ನ ಬೆನ್ನು ತಟ್ಟಿದರು. “ಭೇಷ್ ಕಣಯ್ಯ! ಆದ್ರೆ ಎಲ್ರೂ ಬರೋದೇ ಕೊನೇ ಹಾಡ್ಗೆ ಅಂದ್ಮೇಲೆ, ಅಷ್ಟೊತ್ತು ಕರೆಂಟ್ ಯಾಕ್ ಸುಡ್ಬೇಕು? ಮುಂದಿನ ವಾರದಿಂದ ಕೊನೇ ಹಾಡೊಂದೇ ಹಾಕು!”